ಕ್ಸಾಂಥನ್ ತಯಾರಿಕೆಯಲ್ಲಿ ತೂಕವೊಂದನ್ನೇ ಏಕೆ ನಂಬಬಾರದು?

ಸಾಸ್, ಐಸ್‌ಕ್ರೀಮ್‌ಗಳನ್ನು ಮಂದಗೊಳಿಸುವ ಕ್ಸಾಂಥನ್ ಗಮ್ ದೊರೆಯುವುದು ಕ್ಸಾಂಥೋಮೊನಾಸ್ ಕ್ಯಾಂಪೆಸ್ಟ್ರಿಸ್ ಎಂಬ ಬ್ಯಾಕ್ಟೀರಿಯಾದಿಂದ. ಎಲೆಕೋಸಿಗೆ ಕಪ್ಪು ಕೊಳೆ ರೋಗ ತರುವುದೂ ಇದೇ. ಇದನ್ನು ಬೆಳೆಸಲು ತಕ್ಕ ಸ್ಥಿತಿಗಳನ್ನು ಗೊತ್ತುಮಾಡುವುದು ನನ್ನ ಕೆಲಸ. ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರು ಸಕ್ಕರೆ, ಯೀಸ್ಟ್ ಸಾರ, ಪಿಎಚ್, ಉಷ್ಣತೆಗಳನ್ನು ಒಂದೊಂದಾಗಿ ಬದಲಿಸಿ, ಆಲ್ಕೋಹಾಲ್ ಬೆರೆಸಿದಾಗ ನಾರುನಾರಾಗಿ ಬೇರ್ಪಡುವ ಗಮ್ಮನ್ನು ಒಣಗಿಸಿ ತೂಗಿ, ಹೆಚ್ಚು ತೂಗಿದ್ದೇ ಉತ್ತಮವೆಂದು ಬರೆದಿಡುವುದು ವಾಡಿಕೆ.

ಆದರೆ ಜೀವಕೋಶಗಳನ್ನು ಮೊದಲೇ ತೆಗೆಯದಿದ್ದರೆ ಅವೂ, ಜೊತೆಗೆ ಒಂದಿಷ್ಟು ಲವಣವೂ ಆ ತೂಕದಲ್ಲಿ ಸೇರಿಕೊಂಡಿರುತ್ತವೆ. ಅವನ್ನು ತೆಗೆದ ಮೇಲೂ, ಸಮತೂಕದ ಎರಡು ಮಾದರಿಗಳಿಂದ 1% ದ್ರಾವಣ ಮಾಡಿದರೆ ಒಂದು ಗಂಜಿಯಂತೆ ನಿಲ್ಲಬಹುದು, ಇನ್ನೊಂದು ಸಲೀಸಾಗಿ ಹರಿದುಬಿಡಬಹುದು. ಕೊಳ್ಳುವವರಿಗೆ ಬೇಕಾದದ್ದು ಸ್ನಿಗ್ಧತೆ, ಅಂದರೆ ದ್ರವದ ಮಂದತನ. ಆದ್ದರಿಂದ ತೂಕದ ಪಕ್ಕದಲ್ಲಿ, ಸ್ನಿಗ್ಧತೆ ಅಳೆಯುವ ವಿಸ್ಕೋಮೀಟರಿನ ಅಂಕಿ ಇಲ್ಲದ ವರದಿಯನ್ನು ನಾನು ಒಪ್ಪುವುದಿಲ್ಲ.

ಉಷ್ಣತೆ, ಪಿಎಚ್‌ಗಳದು ಹೆಚ್ಚು ತಕರಾರಿಲ್ಲ: ಸುಮಾರು 28ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು, ಮತ್ತು ಗಮ್ಮಿನಲ್ಲಿರುವ ಆಮ್ಲೀಯ ಗುಂಪುಗಳಿಂದ ಪಿಎಚ್ ಇಳಿಯುವುದರಿಂದ ಕ್ಷಾರ ಸೇರಿಸುತ್ತ ಅದನ್ನು 7ರ ಆಸುಪಾಸಿನಲ್ಲಿ ಹಿಡಿದಿಡಬೇಕು. ಸಾರಜನಕ ಬೇಗ ಮುಗಿದು ಸಕ್ಕರೆ ಇನ್ನೂ ಉಳಿದಿರುವಂತೆ ಅಳತೆ ಮಾಡಿದರೆ, ಕೋಶಗಳ ಬೆಳವಣಿಗೆ ನಿಂತರೂ ಗಮ್ಮಿನ ಉತ್ಪಾದನೆ ಮುಂದುವರಿಯುತ್ತದೆ.

ನಿಜವಾದ ಪೇಚು ಆಮ್ಲಜನಕದ್ದು. ಗಮ್ ಲೀಟರಿಗೆ 20 ಗ್ರಾಂ ದಾಟುವ ಹೊತ್ತಿಗೆ, ಫರ್ಮೆಂಟರಿನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ, ಗಾಳಿ ಊದುವ ತೊಟ್ಟಿಯಲ್ಲಿ) ತಿರುಗುವ ಅಲಗಿನ ಸುತ್ತಲಿನ ದ್ರವ ಮಾತ್ರ ಕಲಕುತ್ತ, ಗೋಡೆಯ ಬಳಿಯದು ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುತ್ತದೆ. ಸಣ್ಣ ಗುಳ್ಳೆಗಳು ಕೂಡಿ ದೊಡ್ಡವಾಗಿ ನೇರ ಮೇಲೆದ್ದು ಹೋಗುತ್ತವೆ. ಆಮ್ಲಜನಕ ಅಳೆಯುವ ಪ್ರೋಬ್ ಅಲಗಿನ ಹತ್ತಿರವಿದ್ದರೆ ಅದು ತೋರಿಸುವ ಸಮಾಧಾನಕರ ಅಂಕಿ ಆ ಜಾಗಕ್ಕಷ್ಟೇ ನಿಜ. ಅತ್ತ ಆಮ್ಲಜನಕ ಸಿಗದ ಕೋಶಗಳು ಗಮ್ ಮಾಡಿದರೂ ಅದರ ಅಣುತೂಕ ಮತ್ತು ಪೈರುವೇಟ್ (ಗಮ್ಮಿನ ಆಮ್ಲೀಯ ಗುಂಪುಗಳಲ್ಲೊಂದು) ಅಂಶ ಕಡಿಮೆಯಾಗಿ, ತಕ್ಕಡಿಯಲ್ಲಿ ಕಾಣದ ಕೊರತೆ ಸ್ನಿಗ್ಧತೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಹೀಗಾಗಿ ಶೇಕರ್ ಫ್ಲಾಸ್ಕಿನಲ್ಲಿ (ಯಂತ್ರದ ಮೇಲಿಟ್ಟು ಅಲುಗಾಡಿಸುವ ಸಣ್ಣ ಗಾಜಿನ ಪಾತ್ರೆಯಲ್ಲಿ) ಗೆದ್ದ ಸಕ್ಕರೆಯ ಪ್ರಮಾಣವನ್ನು ಫರ್ಮೆಂಟರಿಗೆ ಹಾಗೆಯೇ ಒಯ್ಯುವುದನ್ನು ನಾನು ಬಿಟ್ಟಿದ್ದೇನೆ. ಆರಂಭದಲ್ಲಿ ನಿಧಾನವಾಗಿ ಕಲಕಿ, ದ್ರವ ಮಂದವಾದಂತೆ ವೇಗ ಏರಿಸುತ್ತೇವೆ. ಕಲಕಿದಷ್ಟೂ ತೆಳುವಾಗುವ ಗುಣ ಈ ದ್ರವಕ್ಕಿರುವುದು ಇಲ್ಲಿ ಅನುಕೂಲವೇ. ಅಗಲವಾದ ಅಲಗು ಗೋಡೆಯವರೆಗೂ ಚಲನೆ ಮುಟ್ಟಿಸುತ್ತದೆಯೇ ಎಂಬುದನ್ನೂ ಸಕ್ಕರೆಯ ಪ್ರಮಾಣ ಹೆಚ್ಚಿಸುವ ಮೊದಲೇ ಪರೀಕ್ಷಿಸುತ್ತೇವೆ.