ರಾತ್ರಿ ಪಾಳಿಯವರ ಕೆಮ್ಮು

ಜೂನ್ 15, 2024, ಶನಿವಾರ
ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ನಮ್ಮ ಆಫೀಸು ಗುಡಿಸಿ ಒರೆಸುವವರಲ್ಲಿ ಹೆಚ್ಚಿನವರು ಮೆಕ್ಸಿಕೊ, ಗ್ವಾಟೆಮಾಲಾ ಕಡೆಯಿಂದ ಬಂದ ಹೆಂಗಸರು. ನಾವು ಮನೆಗೆ ಹೊರಟ ಮೇಲೆ ಅವರ ಪಾಳಿ ಶುರು. ನಿನ್ನೆ ಕೆಲಸ ಮುಗಿಯದೆ ನಾನೂ ರಾತ್ರಿ ಉಳಿದಿದ್ದೆ. ಟಾಯ್ಲೆಟ್ಟಿನಿಂದ ಹೊರಬಂದ ಒಬ್ಬ ಅಮ್ಮ ಗೋಡೆ ಹಿಡಿದು ಒಂದೇ ಸಮ ಕೆಮ್ಮುತ್ತಿದ್ದರು. ಬೆನ್ನಿಗೆ ಕಟ್ಟಿಕೊಂಡ ವ್ಯಾಕ್ಯೂಮ್ ಹಾಗೇ ಇತ್ತು. ನೀರು ಕೊಟ್ಟೆ. ಬಾಟಲಿ ಹಿಡಿದ ಕೈಯಲ್ಲಿ, ಬೆರಳ ಸಂದಿಗಳಲ್ಲೆಲ್ಲ ಚರ್ಮ ಬಿರಿದು ಕೆಂಪಾಗಿತ್ತು. ಗ್ಲೌಸ್ ಹರಿದರೆ ಹೊಸದು ಬೇಗ ಸಿಗೋದಿಲ್ಲವಂತೆ.

ನನ್ನ ಅರೆಬರೆ ಸ್ಪ್ಯಾನಿಷ್‌ನಲ್ಲಿ ತಿಳಿದದ್ದು ಇಷ್ಟು. ಮೊದಲು ಇಬ್ಬರು ಮಾಡುತ್ತಿದ್ದ ಕೆಲಸ ಈಗ ಅವರೊಬ್ಬರ ಮೇಲಿದೆ. ಸೋಂಕು ನಿವಾರಕ ಹಾಕಿ ಹತ್ತು ನಿಮಿಷ ಬಿಡಬೇಕು ಅಂತ ಡಬ್ಬಿಯ ಮೇಲಿದೆ. ಅಷ್ಟು ಹೊತ್ತು ಕಾಯೋಕೆ ಎಲ್ಲಿ ಆಗುತ್ತೆ? ಬೇಗ ಕೊಳೆ ಹೋಗಲಿ ಅಂತ ಜಾಸ್ತಿ ಸುರಿಯುತ್ತಾರೆ, ಒಮ್ಮೊಮ್ಮೆ ಎರಡು ರಾಸಾಯನಿಕ ಬೆರೆಸುತ್ತಾರೆ. ಬ್ಲೀಚ್ ಜೊತೆ ಆಸಿಡ್ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಅಮೋನಿಯಾ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶ ಸುಡುತ್ತವೆ. (ಊರಲ್ಲಿ ಬಚ್ಚಲಿಗೆ ಆಸಿಡ್, ಬ್ಲೀಚಿಂಗ್ ಪೌಡರ್ ಒಟ್ಟಿಗೆ ಹಾಕುವವರು ದಯವಿಟ್ಟು ನಿಲ್ಲಿಸಿ.)

ಬೆರೆಸದಿದ್ದರೂ ಅಪಾಯ ತಪ್ಪಿದ್ದಲ್ಲ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಆರು ಸಾವಿರಕ್ಕೂ ಹೆಚ್ಚು ಜನರನ್ನು 20 ವರ್ಷಗಳ ಅವಧಿಯಲ್ಲಿ ಗಮನಿಸಿತ್ತು. ಶುಚಿ ಕೆಲಸ ಮಾಡುವ ಹೆಂಗಸರ ಶ್ವಾಸಕೋಶದ ಶಕ್ತಿ ಬೇರೆಯವರಿಗಿಂತ ಬೇಗ ಕುಗ್ಗಿತ್ತು.

ಇದನ್ನು ಅವರ ಅಜಾಗರೂಕತೆ ಅಂದರೆ ನಾನು ಒಪ್ಪೋದಿಲ್ಲ. ಕಡಿಮೆ ದುಡ್ಡಿಗೆ ಒಪ್ಪಿದ ಗುತ್ತಿಗೆದಾರನಿಗೆ ಕೆಲಸ ಸಿಗುತ್ತದೆ. ಅವನು ಜನ ಕಡಿಮೆ ಮಾಡುತ್ತಾನೆ. ಉಳಿದವರು ಓಡಬೇಕು. ಕೆಮ್ಮು ಬರೋದು ಆ ಓಟದಿಂದ.

1990ರ ಇದೇ ಜೂನ್ 15ರಂದು ಲಾಸ್ ಏಂಜಲೀಸ್‌ನ ಸೆಂಚುರಿ ಸಿಟಿಯಲ್ಲಿ ಮುಷ್ಕರ ಹೂಡಿದ್ದ ಇಂಥದೇ ವಲಸೆ ಕೆಲಸಗಾರರನ್ನು ಪೊಲೀಸರು ಲಾಠಿಯಿಂದ ಹೊಡೆದಿದ್ದರು. ಅವರು ಹೆದರಿ ಮನೆಗೆ ಹೋಗಲಿಲ್ಲ, ಒಪ್ಪಂದ ಗೆದ್ದರು. ಈ ದಿನವನ್ನು ಇಲ್ಲಿನ ಶುಚಿ ಕೆಲಸಗಾರರ ಸಂಘದವರು ಪ್ರತಿ ವರ್ಷ ನೆನೆಯುತ್ತಾರೆ.

"ನನ್ನ ಹೆಸರು ಮಾತ್ರ ಹೇಳಬೇಡಿ" ಅಂದಿದ್ದಾರೆ ಆ ಅಮ್ಮ. ಹೇಳೋದಿಲ್ಲ. ಸೋಮವಾರ ಕಟ್ಟಡ ನೋಡಿಕೊಳ್ಳುವ ಮ್ಯಾನೇಜರಿಗೆ ನಾವು ಕೆಲವರು ಸೇರಿ ಪತ್ರ ಕೊಡುತ್ತೇವೆ. ಗ್ಲೌಸ್ ಯಾವಾಗಲೂ ಸ್ಟಾಕ್ ಇರಲಿ, ಪ್ರತಿ ಪಾಳಿಗೆ ಇನ್ನೊಬ್ಬರು ಬೇಕು ಅಂತ. ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ರಾಸಾಯನಿಕಗಳ ತರಬೇತಿ ಕೊಡಬೇಕು ಅನ್ನುವ ನಿಯಮ ಈ ದೇಶದಲ್ಲಿ ಮೊದಲೇ ಇದೆ. ಅದು ಸ್ಪ್ಯಾನಿಷ್‌ನಲ್ಲಿ ಯಾವತ್ತು ಆಯಿತು ಅಂತಲೂ ಕೇಳುತ್ತೇವೆ.