ಸಾಲು ಬದಲಾದರೆ ಮರ ಬದಲಾಗಬಾರದು

ಸಂಜೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದು ಲ್ಯಾಪ್‌ಟಾಪ್ ಮುಂದೆ ಕೂತೆ.

ಹತ್ತು ಜೀವಿಗಳ ಡಿಎನ್‌ಎ ಸಾಲುಗಳು. ಯಾರಿಗೆ ಯಾರು ಹತ್ತಿರದ ನೆಂಟರು ಅಂತ ಪ್ರೋಗ್ರಾಂ ಒಂದು ಮರ ಬಿಡಿಸಿ ಕೊಡುತ್ತದೆ. ಸುಮ್ನೆ ಫೈಲಿನ ಕೊನೆಯ ಸಾಲನ್ನು ಎತ್ತಿ ಮೊದಲಿಗೆ ಇಟ್ಟೆ. ಬೇರೇನೂ ಮುಟ್ಟಲಿಲ್ಲ. ಮತ್ತೆ ಓಡಿಸಿದೆ.

ಮರ ಬದಲಾಗಿತ್ತು. ಒಂದೇ ಒಂದು ಕೊಂಬೆ. ಪಕ್ಕದ ಕವಲಿಗೆ ಹೋಗಿ ಕೂತಿತ್ತು.

ಎದೆ ಧಸಕ್ಕೆಂದಿತು.

ಹತ್ತೇ ಜೀವಿಗಳಿಗೆ, ಬೇರು, ಅಂದರೆ ಎಲ್ಲರ ಮೂಲ ಪೂರ್ವಜ, ಎಲ್ಲಿ ಅಂತ ಗುರುತಿಸದೆ ಎಣಿಸಿದರೂ, 20,27,025 ಬಗೆಯ ಮರಗಳು ಸಾಧ್ಯ. ಸರಿಯಾದದ್ದು ಯಾವುದು ಅಂತ ಹೇಳೋಕೆ ಕಣ್ಣಾರೆ ಕಂಡವರು ಯಾರೂ ಇಲ್ಲ. ಎಷ್ಟೋ ಕೋಟಿ ವರ್ಷಗಳ ಹಿಂದಿನ ಮಾತು ಅಲ್ವಾ. ಅದಕ್ಕೇ ಹೀಗೆ ಅದಲುಬದಲು ಮಾಡಿ, ಉತ್ತರ ಅಲ್ಲಾಡುತ್ತದಾ ಅಂತ ನೋಡುವುದು. ಟೆಸ್ಟಿಂಗ್‌ನವರು ಇದನ್ನು ಮೆಟಮಾರ್ಫಿಕ್ ಟೆಸ್ಟಿಂಗ್ ಅಂತಾರೆ. ನನಗಂತೂ ತುಂಬಾ ಇಷ್ಟದ ಉಪಾಯ.

ಹೊರಗೆ ಕಟ್ಟೆ ಮೇಲೆ ಅಜ್ಜಿ ಪಕ್ಕದ ಮನೆಯವರಿಗೆ ನಮ್ಮ ನೆಂಟಸ್ತನ ಬಿಡಿಸಿ ಹೇಳುತ್ತಿದ್ದರು. ಹರಿಹರದ ಮಾವನಿಂದ ಶುರು ಮಾಡಿದ್ದರು. ಹೋಗಿ ಕೇಳಿದೆ, "ಅಜ್ಜಿ, ಚನ್ನಗಿರಿ ಅತ್ತೆ ಕಡೆಯಿಂದ ಹೇಳು ನೋಡೋಣ."

"ಎಲ್ಲಿಂದ ಹೇಳಿದ್ರೂ ಅಷ್ಟೇ ಕಣವ್ವಾ, ನಿಮ್ಮ ಮುತ್ತಜ್ಜನ ಹತ್ರಾನೇ ಬಂದು ಕೂಡತೈತಿ."

ಒಳಗೆ ಬಂದು ಕೋಡ್ ತೆಗೆದೆ. ಎರಡು ಜೋಡಿಗಳ ಅಂತರ, ಅಂದರೆ ಜೋಡಿಯೊಳಗಿನ ಡಿಎನ್‌ಎ ವ್ಯತ್ಯಾಸ, ಸರಿಸಮ ಇತ್ತು. ಆಗ ಪ್ರೋಗ್ರಾಂ ಸುಮ್ಮನೆ ಸಾಲಿನಲ್ಲಿ ಮೊದಲು ಬಂದ ಜೋಡಿಯನ್ನು ಹತ್ತಿರದ ನೆಂಟರು ಅಂತ ಆರಿಸುತ್ತಿತ್ತು, ಅದನ್ನು ನಮಗೆ ಹೇಳುತ್ತಲೂ ಇರಲಿಲ್ಲ. ಹಾಗೆ ಸಮ ಬಂದರೆ ಎರಡೂ ಮರ ತೋರಿಸು ಅಂತ ಈಗ ಬರೆಯುತ್ತಿದ್ದೇನೆ.

ಮೆಣಸಿನಕಾಯಿ ಆರಿದೆ. ಮಂಡಕ್ಕಿ ಇನ್ನೂ ಗರಿಗರಿ ಇದೆ.