ಕುರುಡಿ ಮೀನಿನ ತಲೆ ಯಾರಿಗೆ?

ನಾಲ್ಕು ದಿನದ ರಜೆಯಲ್ಲಿ ಉಡುಪಿಗೆ ಹೋಗಿದ್ದೆ. ಮೂರು ದಿನ ಒಂದು ಮದುವೆ, ಒಂದು ಗೃಹಪ್ರವೇಶ, ನೆಂಟರ ಮನೆಗಳ ಚಾ ಇದರಲ್ಲೇ ಮುಗಿಯಿತು. ಅದರಲ್ಲಿ ಬರೆಯುವಂಥದ್ದೇನಿಲ್ಲ. ನಾಲ್ಕನೇ ದಿನ ಕೋಡಿ ಬೆಂಗ್ರೆಗೆ ಹೋದೆ. ಅಲ್ಲಿ ನನ್ನ ಹೈಸ್ಕೂಲ್ ದೋಸ್ತ ಇದ್ದಾನೆ. "ಹೆಸರೆಲ್ಲ ಹಾಕ್ಬೇಡ ಮಾರಾಯ" ಅಂದಿದ್ದಾನೆ, ಹಾಗಾಗಿ ಹಾಕುವುದಿಲ್ಲ.

ಬೆಂಗ್ರೆ ಅಂದರೆ ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವೆ ಒಂದು ರಸ್ತೆ, ಅದರ ಪಕ್ಕ ಮನೆಗಳು. ತುದಿಯಲ್ಲಿ ಸೀತಾ, ಸ್ವರ್ಣಾ ಎರಡೂ ಹೊಳೆಗಳು ಸೇರಿ ಅಳಿವೆ. ಹೊಳೆಯಾಚೆ ಹಂಗಾರಕಟ್ಟೆ. ಈಗ ಬೀಚಿನ ಕಡೆ ಶನಿವಾರ ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲರೂ ಸೂರ್ಯಾಸ್ತಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ, ಹೊಳೆಯ ಬದಿಯೇ ಚೆಂದ.

ಜೂನ್ ಮೊದಲ ವಾರ. ಮಳೆ ಇನ್ನೂ ಗಟ್ಟಿ ಹಿಡಿದಿರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಮಲ್ಪೆಯಲ್ಲಿ ಎಲ್ಲ ಒತ್ತೊತ್ತಾಗಿ ಕಟ್ಟಿ ಹಾಕಿದ್ದವು. ನಮ್ಮದು ಪಾತಿ ದೋಣಿ, ಹುಟ್ಟು, ಗಾಳ. ನಮಗೆಂಥ ರಜೆ?

ಹುಡುಕಿ ಹೊರಟದ್ದು ಕುರುಡಿ ಮೀನನ್ನು. ಪೇಟೆ ಹೋಟೆಲುಗಳಲ್ಲಿ ಸೀ ಬಾಸ್, ಆಸ್ಟ್ರೇಲಿಯಾದಲ್ಲಿ ಬಾರಮುಂಡಿ, ಕಲ್ಕತ್ತಾದಲ್ಲಿ ಭೆಟ್ಕಿ. ಬೆಂಗಳೂರಿನಲ್ಲಿ ಅದರ ಮೇಲೆ ಬೆಣ್ಣೆ, ನಿಂಬೆಹಣ್ಣು ಹಾಕಿ ತಟ್ಟೆಯ ನಡುವೆ ಅಂಗೈಯಷ್ಟು ಇಟ್ಟು ಕೊಡುತ್ತಾರೆ. ಮುಳ್ಳಿಲ್ಲ, ರುಚಿಯೂ ಇಲ್ಲ.

ಬೆಳಗ್ಗೆ ಐದಕ್ಕೆ ದೋಣಿ ಇಳಿಸಿದೆವು. ಹೊಳೆ ನಡುವಿನ ನಡುಗಡ್ಡೆ, ಅಂದರೆ ಕುದ್ರುವಿನ ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ನೀರಿಗಿಳಿದಿರುವ ಕಡೆ ಅವನು ದೋಣಿ ನಿಲ್ಲಿಸಿದ. ಭರತ ಮುಗಿದು ಇಳಿತ ಶುರುವಾಗುವ ಹೊತ್ತು. ನೀರು ಇಳಿಯುವಾಗ ಬೇರಿನ ಸಂದಿಯಿಂದ ಸಿಗಡಿ, ಸಣ್ಣ ಮೀನು ಹೊರಗೆ ಬರುತ್ತವೆ. ಕುರುಡಿ ಅಲ್ಲೇ ಬಾಯಿ ತೆರೆದು ಕಾಯುತ್ತದೆ.

ಅವನು ಗಾಳಕ್ಕೆ ಜೀವಂತ ಸಿಗಡಿ ಸಿಕ್ಕಿಸುವುದನ್ನು ನೋಡಬೇಕು. ಸಿಗಡಿಯ ತಲೆಯ ಮೇಲೆ ಗರಗಸದಂಥ ಕೊಂಬು ಉಂಟಲ್ಲ, ಅದರ ಬುಡದ ಚಿಪ್ಪಿನಲ್ಲಿ ಮಾತ್ರ ಗಾಳದ ಮೊನೆ ತೂರಿಸುತ್ತಾನೆ. ಒಳಗೆ ಕಪ್ಪಗೆ ಒಂದು ಚುಕ್ಕೆ ಕಾಣುತ್ತದೆ. ಅದಕ್ಕೆ ತಾಗಿದರೆ ಸಿಗಡಿ ಸತ್ತಿತು. ತಾಗದಿದ್ದರೆ ನೀರಲ್ಲಿ ಕಾಲಾಡಿಸುತ್ತಲೇ ಇರುತ್ತದೆ. ನನ್ನ ಕೈಯಲ್ಲಿ ಮೂರು ಸತ್ತವು. ನಾಲ್ಕನೆಯದನ್ನು ಅವನು ಕೊಡಲಿಲ್ಲ. "ನೀನು ನಿನ್ನ ಪ್ಲಾಸ್ಟಿಕ್ ಮೀನು ಹಾಕು."

ಹಾಕಿದೆ. ಆನ್‌ಲೈನಲ್ಲಿ ತರಿಸಿದ ಹೊಸ ರಾಡ್, ರೀಲ್, ತೆಳ್ಳಗಿನ ಹೆಣೆದ ದಾರ. ಆರೂವರೆ ಹೊತ್ತಿಗೆ ರಾಡ್ ಬಗ್ಗಿತು. ಮೀನು ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವಿತು. ಬೆಳ್ಳಿ ತಟ್ಟೆಯಂಥ ಮೈ, ಕೆಂಡದ ಹಾಗೆ ಹೊಳೆಯುವ ಕಣ್ಣು. ಮರುಕ್ಷಣ ದಾರ ಸಡಿಲ. ಕುರುಡಿಯ ಬಾಯಿ ಅರದ ಹಾಗೆ ಒರಟು, ಬೇರಿಗೆ ಅಂಟಿದ ಚಿಪ್ಪುಗಳು ಬ್ಲೇಡು. ದಾರದ ತುದಿಗೆ ಎರಡು ಮೊಳ ದಪ್ಪ ತಂಗೂಸಿ, ಅಂದರೆ ನೈಲಾನ್ ದಾರ, ಕಟ್ಟಲೇಬೇಕು. ಅಂಗಡಿಯವರು ಅದಕ್ಕೆ ಲೀಡರ್ ಅನ್ನುತ್ತಾರೆ. ಈ ದಾರಕ್ಕೆ ಅದು ಬೇಕಾಗಿಲ್ಲ ಅಂತ ಮಾರಿದವನು ಹೇಳಿದ್ದ. ನೀವು ಕೇಳಬೇಡಿ, ಕಟ್ಟಿ. ಎಂಟುನೂರು ರೂಪಾಯಿಯ ಪ್ಲಾಸ್ಟಿಕ್ ಮೀನು ಈಗಲೂ ಆ ಹೊಳೆಯಲ್ಲೇ ಉಂಟು.

"ದೊಡ್ಡದಿತ್ತು ಅಲ್ವಾ?" ಅಂದೆ.

"ಏಳೆಂಟು ಕೆಜಿ. ಹೆಣ್ಣು."

"ನೋಡಿದ ಕೂಡಲೇ ಹೇಗೆ ಹೇಳ್ತೀಯ?"

ಅವನು ನನ್ನ ಮುಖ ನೋಡಿದ. "ಒಂಬತ್ತನೇ ಕ್ಲಾಸಲ್ಲೇ ಹೇಳಿದ್ದೆನಲ್ಲ."

ನೆನಪಾಯಿತು. ಜೀವಶಾಸ್ತ್ರದ ಪೀರಿಯಡ್. ಇವನು ಎದ್ದು ನಿಂತು, ದೊಡ್ಡ ಕುರುಡಿಯಲ್ಲಿ ಗಂಡೇ ಇಲ್ಲ, ಎಲ್ಲ ಹೆಣ್ಣು, ಸಣ್ಣದೆಲ್ಲ ಗಂಡು ಅಂದಿದ್ದ. ಅವನ ಅಮ್ಮ ತಲೆಹೊರೆಯಲ್ಲಿ ಮೀನು ಮಾರುತ್ತಿದ್ದರು, ದಿನಾ ಮೀನು ಸೀಳುವವರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರು ತಮಾಷೆ ಮಾಡ್ತೀಯಾ ಅಂತ ಅಂಗೈಗೆ ಬೆತ್ತದಲ್ಲಿ ಬಾರಿಸಿದರು.

"ನೀನೇ ಜಾಸ್ತಿ ನಗಾಡಿದ್ದು" ಅಂದ. ಸಿಟ್ಟಿರಲಿಲ್ಲ. ದಾರವನ್ನು ಬೆರಳಿಗೆ ಸುತ್ತುತ್ತಾ ಹೇಳಿದ.

ಎಷ್ಟೋ ವರ್ಷದ ಮೇಲೆ ನಾನು ಓದಿ ತಿಳಿದುಕೊಂಡಿದ್ದೆ. ಕುರುಡಿ ಬಹುಪಾಲು ಗಂಡಾಗಿಯೇ ಹುಟ್ಟುತ್ತದೆ, ಕೆಲವು ವರ್ಷ ಗಂಡಾಗಿ ಬಾಳಿ, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಓದಿದ ದಿನ ಇವನಿಗೊಂದು ಫೋನ್ ಮಾಡಬೇಕು ಅಂದುಕೊಂಡಿದ್ದೆ. ಮಾಡಲಿಲ್ಲ. ಅದನ್ನೂ ಹೇಳಿದೆ.

"ನಂಗೆಂತಕ್ಕೆ ಹೇಳ್ತಿ? ಅಮ್ಮನಿಗೆ ಹೇಳು. ಕಂಡದ್ದು ಅವಳು."

ಆಮೇಲೆ ತುಂಬಾ ಹೊತ್ತು ಇಬ್ಬರೂ ಮಾತಾಡಲಿಲ್ಲ. ಗಾಳ ಹಾಕುವಾಗ ಮಾತಾಡಬಾರದು ಅನ್ನುವುದು ನಿಜಕ್ಕೂ ಅನುಕೂಲದ ನಿಯಮ.

ಎಂಟು ಗಂಟೆಗೆ ಅವನ ಕೈದಾರಕ್ಕೆ ಒಂದು ಬಿತ್ತು. ರಾಡಿಲ್ಲ, ರೀಲಿಲ್ಲ. ಎಳೆದಾಗ ಬಿಟ್ಟ, ಬಿಟ್ಟಾಗ ಎಳೆದ. ಎರಡೂವರೆ ಕೆಜಿ ಇರಬಹುದು. ನಾನು ಉತ್ಸಾಹದಲ್ಲಿ ಕಿವಿರಿಗೆ ಕೈ ಹಾಕಿದೆ. ಕಿವಿರಿನ ಮುಚ್ಚಳದ ಅಂಚು ಕತ್ತಿ! ಎರಡು ಬೆರಳು ಹರಿಯಿತು. ಕುರುಡಿಯನ್ನು ಬಟ್ಟೆ ಸುತ್ತಿ ಕೆಳದುಟಿಯಲ್ಲಿ ಹಿಡಿಯಬೇಕಂತೆ. ಅವನು ಹೇಳಿದ್ದು ರಕ್ತ ಬಂದ ಮೇಲೆ.

ಅಮ್ಮನಿಗೆ ಈಗ ಮಂಡಿ ನೋವು, ಮೀನು ಮಾರುವುದು ಬಿಟ್ಟು ಕಾಲವಾಯಿತು. ಆದರೂ ಮೆಟ್ಟುಕತ್ತಿ ಯಾರಿಗೂ ಕೊಡುವುದಿಲ್ಲ. ಕೊಯ್ಯುವ ಮೊದಲು ಮೀನಿನ ಹೊಟ್ಟೆಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರು. ಹಾಲಿನಂಥದ್ದು ಒಂದು ಹನಿ ಬಂತು.

"ಗಂಡು" ಅಂದರು.

ನಾನು ಎಲ್ಲ ಹೇಳಿದೆ. ಓದಿದ್ದು, ಕ್ಲಾಸಿನಲ್ಲಿ ನಕ್ಕಿದ್ದು, ಬೆತ್ತದ ಪೆಟ್ಟು. ಮೀನಿನ ವಿಷಯಕ್ಕೆ ಅವರು ತಲೆ ಕೂಡ ಎತ್ತಲಿಲ್ಲ. ಬೆತ್ತ ಅಂದಾಗ ಕೈ ನಿಂತಿತು.

"ಕೈ ಊದಿಸಿಕೊಂಡು ಬಂದಿದ್ದ. ಕಲ್ಲಿನ ಮೇಲೆ ಬಿದ್ದೆ ಅಂದಿದ್ದ." ಮಗನ ಕಡೆ ನೋಡಿದರು. "ಇದಕ್ಕಾ?"

"ಹಳೇ ಕಥೆ ಬಿಡಮ್ಮ" ಅಂತ ಅವನು ಬಲೆ ಒಣಹಾಕಲು ಹೊರಗೆ ಹೋದ.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಕುರುಡಿ ಗಸಿ. ಕೊತ್ತಂಬರಿ, ಒಣಮೆಣಸು, ತೆಂಗಿನಕಾಯಿ ಕಲ್ಲಲ್ಲಿ ಅರೆದದ್ದು. ಬೆಣ್ಣೆ ನಿಂಬೆಯವರು ಒಮ್ಮೆ ಬಂದು ತಿನ್ನಬೇಕು. ನಾನು ಹೈಸ್ಕೂಲಿನ ಕಾಲದಿಂದ ಆ ಮನೆಯಲ್ಲಿ ಉಂಡವನು. ಯಾವತ್ತೂ ಮೀನಿನ ತಲೆ ನನ್ನ ಬಟ್ಟಲಿಗೇ ಬೀಳುತ್ತಿತ್ತು. ಮನೆಗೆ ಬಂದವನಿಗೆ ತಲೆ, ಅದು ಅಮ್ಮನ ಲೆಕ್ಕ.

ಅವತ್ತು ಅಮ್ಮ ಸೌಟು ಹಿಡಿದು ನನ್ನ ಮುಂದಿನಿಂದ ದಾಟಿ ಹೋದರು. ತಲೆಯನ್ನು ಮಗನ ಬಟ್ಟಲಿಗೆ ಹಾಕಿದರು. ಆಮೇಲೆ ತಿರುಗಿ ಬಂದು, "ತಿನ್ನು ಮಗಾ" ಅಂತ ನನಗೆ ಬಾಲದ ತುಂಡು ಬಡಿಸಿದರು.